ಗಡಿಯಾಚೆಯವರ ಜೊತೆ ಹರಟೆ: ಐದು ತಿಂಗಳಲ್ಲಿ ಎಲ್ಲಿಗೆ ಬಂತು

ಐದನೇ ಬೈಠಕ್ ಕಳೆದ ಭಾನುವಾರ ಮುಗೀತು. ಬೈಠಕ್ ಅನ್ನೋದು ಭಾವನ ಮಾತು, ನನಗೆ ಅದು ಹರಟೆ. ಕಾರವಾರ ಕಡೆಯ ಗಡಿ ಊರು ಮಾಜಾಳಿಯ ಈಚೆಯವರು, ಗೋವಾದ ಗಡಿ ಊರು ಪೋಳೆಂನ ಆಚೆಯವರು ತಿಂಗಳಿಗೊಮ್ಮೆ ಚಾಪೆ ಹಾಸಿ ಕೂರೋದು. ಇಬ್ಬರನ್ನೂ ಕಾಡುವ ಯಾವುದಾದರೂ ಒಂದು ತೊಂದರೆ ಬಗ್ಗೆ ಮಾತಾಡೋದು. ಅದಕ್ಕೆ ಎಲ್ಲಾದರೂ ಯಾರಾದರೂ ಉಪಾಯ ಕಂಡುಕೊಂಡಿದ್ದರೆ ಅವರನ್ನು ಕೇಳೋದು. ಇಷ್ಟೇ. ಸಂಘ ಅಲ್ಲ, ಬ್ಯಾಂಕ್ ಖಾತೆ ಇಲ್ಲ, ಅಧ್ಯಕ್ಷರಂತೂ ಇಲ್ಲವೇ ಇಲ್ಲ. ಖರ್ಚು ಅಂದರೆ ಚಹಾ, ಭಜೆ, ಕೋಡಿಬಾಗದ ನನ್ನ ಝೆರಾಕ್ಸ್ ಅಂಗಡಿಯ ಒಂದಿಷ್ಟು ಕಾಗದ.

ಶುರುವಾಗಿದ್ದು 2024ರ ಮಳೆಗಾಲದ ನಂತರ. ಜುಲೈ 16ಕ್ಕೆ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿಯಿತಲ್ಲ, ಆ ವರ್ಷ. ಕೇರಳದ ಚಾಲಕನೊಬ್ಬನ ಲಾರಿ ನಮ್ಮ ಗಂಗಾವಳಿಯ ತಳ ಸೇರಿತ್ತು. ಅದನ್ನು ಹುಡುಕಲು ಹೂಳೆತ್ತುವ ಡ್ರೆಜರ್ ಬಂದದ್ದು ಗೋವಾದಿಂದ. ಸೆಪ್ಟೆಂಬರ್ 25ಕ್ಕೆ ಲಾರಿ ಸಿಕ್ಕಿತು. ನಡುವೆ ಆಗಸ್ಟ್ 6ರ ರಾತ್ರಿ ಕಳೆದು 7ರ ನಸುಕಿಗೆ ನಮ್ಮ ಮನೆ ಹತ್ತಿರದ ಕಾಳಿ ನದಿಯ ಹಳೇ ಸೇತುವೆಯೂ ಬಿತ್ತು. ಆ ಎರಡು ತಿಂಗಳು ಮೊಬೈಲ್ ತೆರೆದರೆ ಸಾಕು, ಕನ್ನಡದವರು ಮಲಯಾಳದವರು ಬೈದಾಡುತ್ತಿದ್ದರು. ನದಿ ದಡದಲ್ಲಿ ಮಾತ್ರ ಮೂರೂ ರಾಜ್ಯದವರು ಒಂದೇ ಕೆಟಲಿನ ಚಹಾ ಕುಡಿಯುತ್ತಿದ್ದರು. ಅಕ್ಕನನ್ನು ಕೊಟ್ಟದ್ದು ಪೋಳೆಂಗೆ. ಚೌತಿಗೆ ಹೋದಾಗ ಭಾವ ಕೇಳಿದ, "ಗುಡ್ಡ ಬೀಳದೇ ಇದ್ರೆ ನಾವು ಒಟ್ಟಿಗೆ ಕೂರೋದೇ ಇಲ್ವನಾ?"

ಡಿಸೆಂಬರ್, ಮಾಜಾಳಿ

ಪೂರ್ತಿ ಎಡವಟ್ಟು, ತಪ್ಪು ನನ್ನದೇ. "ಕರಾವಳಿಯ ಸವಾಲುಗಳು" ಅಂತ ದೊಡ್ಡ ಬ್ಯಾನರ್ ಹಾಕಿಸಿದ್ದೆ. ಹದಿನಾಲ್ಕು ಜನ ಬಂದರು. ಇಪ್ಪತ್ತೇ ನಿಮಿಷಕ್ಕೆ ಮಾತು ಮಹದಾಯಿ ನದಿ ನೀರಿನ ಜಗಳಕ್ಕೆ ಹೋಯಿತು. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42, ಗೋವಾಕ್ಕೆ 24, ಮಹಾರಾಷ್ಟ್ರಕ್ಕೆ 1.33 ಟಿಎಂಸಿ ಅಂತ ಹಂಚಿದ್ದು ಎರಡೂ ಕಡೆಯವರಿಗೆ ಕ್ರಿಕೆಟ್ ಸ್ಕೋರಿನ ಹಾಗೆ ಬಾಯಿಪಾಠ. ತಮಾಷೆ ಏನೆಂದರೆ ಆ ನೀರು ನಮ್ಮ ಕಾರವಾರಕ್ಕೂ ಬರೋದಿಲ್ಲ, ಅವರ ಕಾಣಕೋಣಕ್ಕೂ ಬರೋದಿಲ್ಲ. ಆದರೂ ಜಗಳ ಜೋರಾಯಿತು. ಭಜೆ ಉಳಿಯಿತು.

ಜನವರಿ, ಪೋಳೆಂ

ಈ ಸಲ ಮೀನಿನ ವಿಷಯ ಇಟ್ಟೆವು. 2018ರಲ್ಲಿ ಮೀನು ಕೆಡದಂತೆ ಫಾರ್ಮಾಲಿನ್ ರಾಸಾಯನಿಕ ಹಾಕ್ತಾರೆ ಅಂತ ಗದ್ದಲ ಎದ್ದಾಗ ಗೋವಾದವರು ಹೊರಗಿನ ಮೀನಿಗೆ ತಡೆ ಹಾಕಿದ್ದರು. ನಮ್ಮ ಮೀನಿನ ಗಾಡಿಗಳು ಗಡಿಯಲ್ಲೇ ನಿಂತಿದ್ದವು. ನಮ್ಮವರಿಗೆ ಆ ಸಿಟ್ಟು ಇನ್ನೂ ಹೋಗಿಲ್ಲ. ಆದರೆ ಹಳಬರಿಬ್ಬರು ಮಾತನ್ನು ಇನ್ನೂ ಹಿಂದಕ್ಕೆ, ರಂಪಣಿ ಬಲೆಯ ಕಾಲಕ್ಕೆ ತಿರುಗಿಸಿದರು. ಊರಿಗೆ ಊರೇ ಸೇರಿ ದಡದಿಂದ ಎಳೆಯುವ ಬಲೆ ಅದು. 1970ರ ದಶಕದಲ್ಲಿ ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುಗಟ್ಟುವ ಪರ್ಸೀನ್ ಬೋಟುಗಳು ಬಂದವು, ಬಂಗಡೆ ದಡಕ್ಕೆ ಬರೋದು ಕಡಿಮೆಯಾಯಿತು. ಆಚೆಯ ರಂಪಣಿ ಮೀನುಗಾರರು ರಾಂಪೊಣ್‌ಕಾರರ ಚಳವಳಿ ಕಟ್ಟಿದರು. ಗೋವಾದಲ್ಲಿ ಮೀನುಗಾರಿಕೆ ನಿಯಂತ್ರಣ ಕಾಯ್ದೆ 1980ಕ್ಕೇ ಬಂತು, ನಮ್ಮಲ್ಲಿ 1986ಕ್ಕೆ. "ಆರು ವರ್ಷ ಲೇಟು ನೀವು" ಅಂತ ಪೋಳೆಂನ ಅಜ್ಜ ಛೇಡಿಸಿದರು. ನಮ್ಮ ಅಜ್ಜ ಬಿಡ್ತಾರಾ? "ಕಾಯ್ದೆ ಬಂತು, ಬಂಗಡೆ ಬಂತನಾ?" ಎಂದರು. ಯಾರೂ ಉತ್ತರ ಕೊಡಲಿಲ್ಲ.

ಫೆಬ್ರವರಿ, ಮತ್ತೆ ಮಾಜಾಳಿ

ಬ್ಯಾನರ್ ಹಾಕಲಿಲ್ಲ. ಕಳೆದ ಆಗಸ್ಟ್‌ನಲ್ಲಿ ಮಾಜಾಳಿ ದಡಕ್ಕೆ ಬಂದು ಬಿದ್ದಿದ್ದ ಹಳೇ ಬಲೆಯ ಉಂಡೆಯೊಂದನ್ನು ಚಾಪೆ ಮಧ್ಯ ಇಟ್ಟೆವು. ಸುಮ್ನೆ, ನೋಡೋಣ ಅಂತ. ಹಸಿರು, ನೀಲಿ, ಮಾಸಿದ ಬಿಳಿ ದಾರಗಳು ಜಡೆಗಟ್ಟಿದ್ದವು. ಒಳಗೆ ಒಂದು ಹವಾಯಿ ಚಪ್ಪಲಿ, ಬಾಟಲಿಯ ಮುಚ್ಚಳಗಳು, ಒಣಗಿದ ಏಡಿಯ ಕೊಂಬು. ನಮ್ಮ ಅಜ್ಜ ಕನ್ನಡಕ ಏರಿಸಿ ಒಂದು ಕಣ್ಣಿಯನ್ನು ಬೆರಳಲ್ಲಿ ಹಿಗ್ಗಿಸಿದರು. ಗಂಟನ್ನು ಉಗುರಿನಿಂದ ಒತ್ತಿದರು. ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿ ನೋಡಿದರು. ಆಮೇಲೆ, "ಇದು ನಮ್ಮದಲ್ಲ." ಉಂಡೆ ಪೋಳೆಂನ ಅಜ್ಜನ ಕೈಗೆ ಹೋಯಿತು. ಅವರೂ ಹಾಗೇ ಒತ್ತಿ, ಎಳೆದು, ಮೂಸಿ ಹೇಳಿದರು, "ನಮ್ಮದೂ ಅಲ್ಲ." ಎಲ್ಲರೂ ನಕ್ಕರು. ಐದು ತಿಂಗಳಲ್ಲಿ ಎರಡು ರಾಜ್ಯದವರು ಒಂದೇ ಮಾತು ಹೇಳಿದ್ದು ಅದೇ ಮೊದಲು.

ಅಲ್ಲಿಂದ ಎರಡು ತಾಸು ಯಾರೂ ಏಳಲಿಲ್ಲ. ಕಡಲಿನ ಸೆಳೆತದ ಬಗ್ಗೆ ಮಾತು ಬಂತು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಮಳೆಗಾಲದ ತಿಂಗಳುಗಳಲ್ಲಿ ನೀರು ತೆಂಕು ದಿಕ್ಕಿಗೆ ಹರಿಯುತ್ತದೆ, ಚಳಿಗಾಲದಲ್ಲಿ ಬಡಗು ದಿಕ್ಕಿಗೆ. ಅಂದರೆ ಮಳೆಗಾಲದಲ್ಲಿ ಅವರ ಕಸ ನಮಗೆ, ಚಳಿಗಾಲದಲ್ಲಿ ನಮ್ಮದು ಅವರಿಗೆ. ಚೆಕ್‌ಪೋಸ್ಟ್ ಇಲ್ಲದ ವ್ಯಾಪಾರ. "ಹಾಗಾದ್ರೆ ಲೆಕ್ಕ ಸಮ ಆಯ್ತಲ್ಲ" ಎಂದ ಒಬ್ಬ ಹುಡುಗ. "ಎಲ್ಲಿ ಸಮ? ನಡುವೆ ಸಾಯೋದು ಆಮೆ" ಎಂದಳು ಅಕ್ಕ. ಗೋವಾದ ಗಾಲ್ಜಿಬಾಗದ ಮರಳಿಗೂ ನಮ್ಮ ದೇವಬಾಗ, ಮಾಜಾಳಿಯ ಮರಳಿಗೂ ಮೊಟ್ಟೆ ಇಡಲು ಬರೋದು ಅದೇ ಆಲಿವ್ ರಿಡ್ಲಿ ಆಮೆ, ಅಲ್ವಾ?

ಮಾರ್ಚ್, ಫೋನಿನಲ್ಲಿ ಕೊಲ್ಲಂ

ಕೇರಳದವರನ್ನೂ ಸೇರಿಸಬೇಕು ಅಂತ ಮೊದಲಿಂದ ಇತ್ತು. ಕೊಲ್ಲಂ ಹತ್ತಿರದ ನೀಂಡಕರ ಬಂದರಿನಲ್ಲಿ 2017ರಲ್ಲಿ "ಶುಚಿತ್ವ ಸಾಗರಂ" ಅನ್ನೋ ಕೆಲಸ ಶುರುವಾಗಿತ್ತು. ಬೋಟುಗಳಿಗೆ ನೈಲಾನ್ ಚೀಲ ಕೊಡ್ತಾರೆ. ಮೀನಿನ ಜೊತೆ ಬಲೆಗೆ ಬಿದ್ದ ಪ್ಲಾಸ್ಟಿಕ್ಕನ್ನು ವಾಪಸ್ ಕಡಲಿಗೆ ಎಸೆಯದೆ ಚೀಲಕ್ಕೆ ಹಾಕಿ ತರಬೇಕು. ದಡದಲ್ಲಿ ಹೆಂಗಸರು ಅದನ್ನು ತೊಳೆದು ಬೇರ್ಪಡಿಸ್ತಾರೆ. ಯಂತ್ರದಲ್ಲಿ ಚೂರು ಮಾಡಿ, ಡಾಂಬರಿಗೆ ಬೆರೆಸಿ ರಸ್ತೆಗೆ ಹಾಕ್ತಾರೆ. ಸ್ಕಾಟ್ಲೆಂಡ್, ನೆದರ್ಲೆಂಡ್ಸ್ ಕಡೆಯ ಬೋಟಿನವರೂ ಹೀಗೇ ದೊಡ್ಡ ದೊಡ್ಡ ಚೀಲಗಳಲ್ಲಿ ಕಡಲ ಕಸ ದಡಕ್ಕೆ ತರುತ್ತಾರೆ. ಅಲ್ಲೂ ತಂದವರಿಗೆ ಇಳಿಸುವ ಖರ್ಚು ಬೀಳೋದಿಲ್ಲ.

ದುಭಾಷಿ ನಮ್ಮ ಬೀದಿಯ ಬೇಕರಿ ಅಣ್ಣ. ಕೊಲ್ಲಂನ ಬೋಟಿನವರೊಬ್ಬರ ಜೊತೆ ಸ್ಪೀಕರ್ ಹಾಕಿ ಮಾತಾಡಿದೆವು. ಅವರು ವಲ ಅಂದರೆ ನಮಗೆ ಬಲೆ ಅಂತ ತಿಳಿಯಿತು, ಪೋಳೆಂನವರಿಗೆ ಮಾತ್ರ ಜಾಳೆಂ ಅಂತ ಬಿಡಿಸಿ ಹೇಳಬೇಕಾಯಿತು. ನಮ್ಮವರ ಮೊದಲ ಪ್ರಶ್ನೆ ನಿರೀಕ್ಷಿಸಿದ್ದೇ: "ಚೀಲ ತುಂಬಿಸಿ ತಂದ್ರೆ ಏನು ಕೊಡ್ತಾರೆ?" ಆ ಕಡೆಯಿಂದ ನಗು. ಬೇಕರಿ ಅಣ್ಣ ಹೇಳಿದ, "ದುಡ್ಡಿಗೆ ಅಂತ ಮಾಡಿದ್ರೆ ಒಂದು ವಾರ ಮಾಡ್ತೀರಿ ಅಂತಾರೆ. ಮುಂದಿನ ಸಲ ಅದೇ ಕಸ ನಿಮ್ಮ ಬಲೆಗೇ ಬೀಳೋದು ಅಂತಾರೆ."

ಬರವಣಿಗೆ ಬಗ್ಗೆ ಒಂದು ಮಾತು. ಪ್ರತಿ ಸಲ ಮಾತಾಡಿದ್ದನ್ನು ಒಂದು ಹಾಳೆಯಲ್ಲಿ ಕೊಂಕಣಿಯಲ್ಲಿ ಬರೆದು ಹಂಚುತ್ತೇನೆ. ನಮ್ಮವರಿಗೆ ಕನ್ನಡ ಲಿಪಿ. ಗೋವಾದಲ್ಲಿ 1987ರ ಕಾಯ್ದೆ ಪ್ರಕಾರ ದೇವನಾಗರಿ, ಆದರೆ ಚರ್ಚಿಗೆ ಹೋಗುವ ಹಿರಿಯರಿಗೆ ರೋಮನ್ನೇ ಬೇಕು. ಒಂದೇ ಭಾಷೆ, ಮೂರು ಝೆರಾಕ್ಸ್. ಒಂದು ಸಲ ಕಟ್ಟುಗಳು ಅದಲು ಬದಲಾಗಿ ದೇವನಾಗರಿಯದ್ದು ಮಾಜಾಳಿಯಲ್ಲಿ ಉಳಿಯಿತು. ಹಿಂದಿ ಕಲಿತವರು ಹೇಗೋ ಓದಿಕೊಂಡರು.

ಏಪ್ರಿಲ್, ಚೀಲದ ಪ್ರಯೋಗ

ಹತ್ತು ಅಕ್ಕಿ ಚೀಲ ತೊಳೆದು ಆರು ಬೋಟುಗಳಿಗೆ ಕೊಟ್ಟೆವು. ನಾಲ್ಕು ಬೋಟು ಕಾರವಾರದ ಬೈತಖೋಲ ಬಂದರಿನದ್ದು, ಎರಡು ಆಚೆಯದ್ದು. ಮೂರು ವಾರಕ್ಕೆ ವಾಪಸ್ ಬಂದದ್ದು ಏಳು ಚೀಲ. ಒಂದು ಗಾಳಿಗೆ ಹಾರಿ ಕಡಲಿಗೇ ಹೋಯಿತಂತೆ. ಅಂದರೆ ಕಸ ತರಲು ಹೋಗಿ ನಾವೇ ಕಸ ಹಾಕಿದೆವು. ಇನ್ನೆರಡರಲ್ಲಿ ಈರುಳ್ಳಿ ಇಟ್ಟಿದ್ದಾರೆ, ಕೇಳೋಕೆ ನನಗೆ ಧೈರ್ಯ ಇಲ್ಲ.

ಎರಡು ಕಡೆಯದ್ದನ್ನೂ ಒಟ್ಟಿಗೆ ಸುರಿದು ನೋಡೋಣ ಅಂತ ಪೋಳೆಂನ ಎರಡು ಚೀಲವನ್ನು ಭಾವನ ಟೆಂಪೋದಲ್ಲಿ ತಂದೆವು. ಗೋವಾದಿಂದ ಬರುವ ಚೀಲ ಅಂದರೆ ಒಳಗೆ ಏನಿರುತ್ತೆ ಅಂತ ಈ ಊರಿನವರಿಗೆ ಹೇಳಬೇಕಾ? ಚೆಕ್‌ಪೋಸ್ಟ್‌ನಲ್ಲಿ ಅಲ್ಲಾಡಿಸಿ ನೋಡಿದರು. ಠಣ್ ಅಂತ ಶಬ್ದ ಬಂತು. "ಬಿಚ್ಚಿ" ಎಂದರು. ಬಿಚ್ಚಿದೆವು. ಇದ್ದದ್ದು ಬಾಟಲಿಗಳೇ. ಖಾಲಿ, ಮೈಮೇಲೆ ಶಂಖದ ಹುಳ ಅಂಟಿದ್ದು, ಒಳಗೆ ಕೆಸರು. ಸಿಬ್ಬಂದಿಯೊಬ್ಬರು ಒಂದನ್ನು ಎತ್ತಿ ಮೂಸಿ, ಮುಖ ಹಿಂಡಿ, ದೂರ ಹಿಡಿದರು. "ಇದನ್ಯಾಕೆ ತರ್ತೀರಿ ಮಾರಾಯ್ರೆ?" ಭಾವ ನಿಧಾನಕ್ಕೆ ಮಳೆಗಾಲದ ಸೆಳೆತ, ಚಳಿಗಾಲದ ಸೆಳೆತ ಎಲ್ಲ ವಿವರಿಸತೊಡಗಿದ. ಹಿಂದೆ ಗಾಡಿಗಳು ಹಾರನ್ ಹೊಡೆದವು. "ಹೋಗಿ ಹೋಗಿ" ಅಂತ ಬಿಟ್ಟರು.

ಈಗ ಸಿಕ್ಕಿಬಿದ್ದಿರೋದು ಬೇರೆ ಕಡೆ. ಬೇರ್ಪಡಿಸಿದ ಪ್ಲಾಸ್ಟಿಕ್ ಯಾರಿಗೆ ಕೊಡೋದು? ಗುಜರಿಯವನು ಬಾಟಲಿ ತೆಗೆದುಕೊಂಡ. ಉಪ್ಪು ಹಿಡಿದ ಬಲೆ ಬೇಡ ಎಂದ. ಒಂದು ಕಚೇರಿಗೆ ಹೋದರೆ "ಕಡಲಿನದ್ದು ನಮ್ಮ ವ್ಯಾಪ್ತಿ ಅಲ್ಲ" ಎಂದರು. ಇನ್ನೊಂದು ಕಡೆ "ದಡಕ್ಕೆ ಬಂದ ಮೇಲೆ ನಮ್ಮದಲ್ಲ." ಐದು ಚೀಲ ಹಳೇ ಬಲೆ ನನ್ನ ಅಂಗಡಿ ಹಿಂದೆ ನಾರುತ್ತಾ ಕೂತಿದೆ. ಹೆಂಡತಿ ಗಡುವು ಕೊಟ್ಟಿದ್ದಾಳೆ.

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ತಡೆ, ಯಂತ್ರದ ಬೋಟು ಕಡಲಿಗೆ ಇಳಿಯೋದಿಲ್ಲ. 61 ದಿನದ ಈ ರಜೆ ಎರಡೂ ಕಡೆ ಒಂದೇ ತಾರೀಕಿಗೆ, ಹಾಗಾಗಿ ಜನ ಸಿಗ್ತಾರೆ. ಆರನೇ ಹರಟೆ ಪೋಳೆಂನಲ್ಲಿ, ಭಾವನ ಮನೆ ಚಾವಡಿಯಲ್ಲಿ. ವಿಷಯ ಒಂದೇ: ಈ ಐದು ಚೀಲ. ಹಳೇ ಬಲೆ ಕೊಳ್ಳುವವರು ಯಾರಾದರೂ ಗೊತ್ತಿದ್ದರೆ ಕರೆದುಕೊಂಡು ಬನ್ನಿ. ಸೋಲ್‌ಕಡಿ ಅಕ್ಕ ಮಾಡ್ತಾಳೆ. ತೊಳೆದ ಅಕ್ಕಿ ಚೀಲ ಇದ್ದರೆ ಅದನ್ನೂ ತನ್ನಿ, ಈರುಳ್ಳಿಗೆ ಅಲ್ಲ.