ಸ್ವಾರ್ಥಕ್ಕೆ ಶಿಲ್ಪವಿಲ್ಲ

ಹಾಸನದಲ್ಲಿ ಮನೆ ಮಾಡಿಕೊಂಡವರಿಗೆ ತಪ್ಪದ ಕೆಲಸವೊಂದಿದೆ. ಬಂದ ನೆಂಟರಿಗೆಲ್ಲ ಬೇಲೂರು, ಹಳೇಬೀಡು ತೋರಿಸಬೇಕು. ಬಹಳ ವರ್ಷಗಳಿಂದ ಈ ಕೆಲಸ ಮಾಡುತ್ತ ಬಂದಿರುವ ನಾನು ಗಮನಿಸಿದ ಸಂಗತಿಯೆಂದರೆ, ಹೊಯ್ಸಳೇಶ್ವರ ಗುಡಿಯ ಹೊರಗೋಡೆಯಲ್ಲಿ ಕೈಲಾಸವನ್ನು ಎತ್ತುತ್ತಿರುವ ರಾವಣನ ಮುಂದೆ ನಿಲ್ಲದೆ ಮುಂದಕ್ಕೆ ಹೋದವರನ್ನು ನಾನು ಕಂಡಿಲ್ಲ. ಬೆಟ್ಟದ ಮೇಲೆ ಶಿವಪಾರ್ವತಿಯರು ಕುಳಿತಿದ್ದಾರೆ, ಗಣಗಳಿವೆ, ಮರಗಳಿವೆ, ಪ್ರಾಣಿಗಳಿವೆ. ಆದರೆ ಕಣ್ಣು ಮೊದಲು ಹೋಗುವುದು ಕೆಳಗೆ, ಅಷ್ಟೂ ಭಾರವನ್ನು ಹೊತ್ತು ಬಿಗಿದು ನಿಂತ ಆ ಹಲವು ತಲೆಯವನ ಕಡೆಗೆ. ಅಹಂಕಾರದ ಮೂರ್ತಿಯೆಂದು ಹೇಳಿಕೊಡಬೇಕಾದ ಕಡೆ ನೆಂಟರು ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಬೇಲೂರಿನಲ್ಲಿ ಗುಡಿಯ ಬಾಗಿಲಿನ ಪಕ್ಕದಲ್ಲೇ ಸಳನು ಹುಲಿಯನ್ನು ಕೊಲ್ಲುತ್ತಿದ್ದಾನೆ. ಅದು ಒಂದು ರಾಜವಂಶದ ಲಾಂಛನವೇ ಆಯಿತು. ಹೀಗೆ ನಮ್ಮ ಜಿಲ್ಲೆಯ ಕಲ್ಲಿನಲ್ಲಿ ಅಹಂಕಾರಕ್ಕೂ ಕೊಲೆಗೂ ಒಳ್ಳೆಯ ಜಾಗವೇ ಸಿಕ್ಕಿದೆ. ಸ್ವಾರ್ಥಕ್ಕೆ ಮಾತ್ರ ಎಲ್ಲಿಯೂ ಒಂದು ಶಿಲ್ಪ ಇದ್ದಂತಿಲ್ಲ.

ಸಾಹಿತ್ಯದಲ್ಲಿಯೂ ಬಹುಮಟ್ಟಿಗೆ ಹೀಗೆಯೇ ಇದೆ ಎಂದು ನನಗೆ ತೋರುತ್ತದೆ. ಪಾತ್ರದ ದೋಷಗಳನ್ನು ಕುರಿತು ಮಾತನಾಡುವಾಗ ನಾವು ಅಹಂಕಾರವನ್ನು ಮೊದಲ ಸಾಲಿನಲ್ಲಿ ಕೂರಿಸುತ್ತೇವೆ, ಕೊಲೆಯನ್ನು ಕಥೆಯ ನಡುವಿನಲ್ಲಿಡುತ್ತೇವೆ, ಸ್ವಾರ್ಥವನ್ನು ಅಡುಗೆಮನೆಯ ಬಾಗಿಲಿನಲ್ಲಿ ನಿಲ್ಲಿಸಿ ಮರೆತುಬಿಡುತ್ತೇವೆ. ಮಾತಿನಲ್ಲಿಯೂ ಈ ಪಕ್ಷಪಾತ ಕಾಣುತ್ತದೆ. ಜಂಬ, ಕೊಬ್ಬು, ಧಿಮಾಕು, ಗತ್ತು, ಛಲ ಎಂದು ಅಹಂಕಾರದ ಸುತ್ತಮುತ್ತ ನಮಗೆ ಎಷ್ಟು ಪದಗಳಿವೆ ಎಂದು ಲೆಕ್ಕ ಹಾಕಿ ನೋಡಿ. ಅವುಗಳಲ್ಲಿ ಕೊನೆಯ ಎರಡರಲ್ಲಿ ಬೈಗುಳಕ್ಕಿಂತ ಮೆಚ್ಚುಗೆಯೇ ಹೆಚ್ಚು. ಪಂಪನಂತಹ ಕವಿಯೇ ಭಾರತದ ಮಹಾಪುರುಷರನ್ನು ಅವರವರ ಗುಣದಿಂದ ನೆನೆಯುವಾಗ ‘ಚಲದೊಳ್ ದುರ್ಯೋಧನಂ’ ಎಂದು ಆರಂಭಿಸುತ್ತಾನೆ. ಸ್ವಾರ್ಥಿಯನ್ನು ಹಾಗೆ ನೆನೆಯುವುದಕ್ಕೆ ಯಾವ ಕವಿಗೂ ಬಾಯಿ ಬಂದಿಲ್ಲ.

ಅಹಂಕಾರವು ಎಷ್ಟು ಸುಂದರವಾಗಬಲ್ಲದು ಎನ್ನುವುದಕ್ಕೆ ರನ್ನನ ಗದಾಯುದ್ಧವನ್ನು ಮೀರಿದ ಉದಾಹರಣೆ ಕನ್ನಡದಲ್ಲಿಲ್ಲ. ತನಗೆ ಆಶ್ರಯ ಕೊಟ್ಟ ಚಾಳುಕ್ಯ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದ ಕಾವ್ಯ ಅದು. ಆದ್ದರಿಂದ ಕಾಗದದ ಮೇಲೆ ನಾಯಕ ಭೀಮನೇ. ಆದರೆ ಹೆಣಗಳ ನಡುವೆ ಸಂಜಯನ ಜೊತೆ ನಡೆಯುವ ದುರ್ಯೋಧನ ತಮ್ಮನ, ಮಗನ, ಕರ್ಣನ ದೇಹಗಳ ಮುಂದೆ ನಿಂತು ಅಳುವಾಗ, ಶತ್ರುವಿನ ಮಗನಾದ ಅಭಿಮನ್ಯುವಿನ ಮುಂದೆಯೂ ನಿಂತು ಅವನ ಸಾಹಸವನ್ನು ಕೊಂಡಾಡಿ ಕೈಮುಗಿಯುವಾಗ, ಓದುಗನ ಮನಸ್ಸು ಯಾರ ಕಡೆ ಹೋಗುತ್ತದೆಂಬುದು ರನ್ನನಿಗೆ ಚೆನ್ನಾಗಿ ಗೊತ್ತಿತ್ತು. ವೈಶಂಪಾಯನ ಸರೋವರದಲ್ಲಿ ಅಡಗಿ ಕುಳಿತವನು ದಡದ ಮೇಲಿನ ಭೀಮನ ಗರ್ಜನೆಯನ್ನು ಕೇಳಿ ‘ನೀರೊಳಗಿರ್ದುಂ ಬೆಮರ್ತನ್’ ಎಂಬ ಮಾತನ್ನು ಮೊದಲ ಬಾರಿಗೆ ಓದಿದಾಗ ನಾನು ಪುಸ್ತಕವನ್ನು ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಸುತ್ತಲೂ ತಣ್ಣೀರು, ಮೈಯೆಲ್ಲ ಬೆವರು. ಅದು ಹೆದರಿಕೆಯ ಬೆವರಲ್ಲ, ಅಡಗಿಕೊಂಡೆನಲ್ಲ ಎಂಬ ಅವಮಾನದ, ಕೋಪದ ಬೆವರು. 1926ರಲ್ಲಿ ಬಿ.ಎಂ.ಶ್ರೀಯವರು ರನ್ನನ ಪದ್ಯಗಳನ್ನೇ ಆಧರಿಸಿ ಗದಾಯುದ್ಧ ನಾಟಕವನ್ನು ಕಟ್ಟಿ, ಇವನನ್ನು ಗ್ರೀಕ್ ರುದ್ರನಾಟಕದ ನಾಯಕರ ಪಕ್ಕದಲ್ಲಿ ನಿಲ್ಲಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನಾಯಕನನ್ನು ಕೆಡವುವ ದೋಷವೊಂದು ಅವನ ಗುಣದ ಒಳಗೇ ಇರುತ್ತದೆ ಎಂಬ ಪಾಠವನ್ನು ನಮ್ಮ ತರಗತಿಗಳಲ್ಲಿ ಇವತ್ತಿಗೂ ದುರ್ಯೋಧನನ ಮೂಲಕವೇ ಹೇಳಿಕೊಡುತ್ತಾರೆ.

ಪಾಠವೇನೋ ಸರಿ. ಆದರೆ ಅದನ್ನೇ ಎಲ್ಲ ಕಡೆಗೂ ಹಚ್ಚಿ ನೋಡುವ ಅಭ್ಯಾಸದಿಂದ ನಾವು ಜನ್ನನನ್ನು ತಪ್ಪಾಗಿ ಓದುತ್ತಿದ್ದೇವೆ ಎನ್ನುವುದು ನನ್ನ ತಕರಾರು.

ಜನ್ನ ನಮ್ಮ ಹಳೇಬೀಡಿನ, ಅಂದರೆ ದೋರಸಮುದ್ರದ ಆಸ್ಥಾನದ ಕವಿ. ವೀರಬಲ್ಲಾಳನಿಂದ ಕವಿಚಕ್ರವರ್ತಿ ಎಂಬ ಬಿರುದು ಪಡೆದವನು. ಅವನ ಯಶೋಧರ ಚರಿತೆ 1209ರದು, ನಾಲ್ಕೇ ಅವತಾರಗಳ, ಅಂದರೆ ಅಧ್ಯಾಯಗಳ, ಪುಟ್ಟ ಕಾವ್ಯ. ಕಥೆ ಬಹಳ ಜನರಿಗೆ ಗೊತ್ತು; ಗಿರೀಶ ಕಾರ್ನಾಡರ ಹಿಟ್ಟಿನ ಹುಂಜದಿಂದಾಗಿ ಕಾವ್ಯವನ್ನು ಓದದವರಿಗೂ ಗೊತ್ತು. ರಾತ್ರಿ ಕೇಳಿಬಂದ ಹಾಡಿಗೆ ಮನಸೋತ ರಾಣಿ ಅಮೃತಮತಿ, ಹಾಡಿದವನು ವಿಕಾರ ರೂಪದ ಮಾವುತ ಅಷ್ಟಾವಂಕನೆಂದು ತಿಳಿದ ಮೇಲೂ ಅವನನ್ನೇ ಸೇರುತ್ತಾಳೆ. ಹಿಂಬಾಲಿಸಿದ ಯಶೋಧರ ಕಣ್ಣಾರೆ ಕಂಡು ಕತ್ತಿ ಎತ್ತುತ್ತಾನೆ, ಮತ್ತೆ ಇಳಿಸುತ್ತಾನೆ. ಬೆಳಗಾದ ಮೇಲೆ ತಾಯಿ ಚಂದ್ರಮತಿಗೆ ನಿಜ ಹೇಳಲಾರದೆ ಕೆಟ್ಟ ಕನಸು ಬಿತ್ತೆಂದು ಮರೆಮಾಚುತ್ತಾನೆ. ತಾಯಿ ದೇವಿಗೆ ಬಲಿ ಕೊಡು ಎನ್ನುತ್ತಾಳೆ, ಮಗ ಜೀವಹಿಂಸೆ ಆಗದು ಎನ್ನುತ್ತಾನೆ, ಕೊನೆಗೆ ಹಿಟ್ಟಿನ ಕೋಳಿಯೊಂದಕ್ಕೆ ಇಬ್ಬರೂ ಒಪ್ಪುತ್ತಾರೆ. ಕೋಳಿಯ ಅಂದಕ್ಕೆ ಮರುಳಾದ ಬೆಂತರವೊಂದು ಅದರೊಳಗೆ ಹೊಕ್ಕಿತ್ತು. ಕತ್ತಿ ಬಿದ್ದಾಗ ಅದು ಕೂಗಿತು. ಆಮೇಲೆ ಅಮೃತಮತಿ ಇಬ್ಬರಿಗೂ ವಿಷವಿಕ್ಕುತ್ತಾಳೆ, ತಾಯಿಮಕ್ಕಳು ನವಿಲು, ನಾಯಿ ಎಂದು ಆರಂಭಿಸಿ ಜನ್ಮ ಜನ್ಮಗಳಲ್ಲಿ ಒಬ್ಬರನ್ನೊಬ್ಬರು ಅಟ್ಟಾಡುತ್ತ, ಯಶೋಧರನ ಮಗನ ಕೈಯಲ್ಲೇ ಸಾಯುತ್ತ ತೊಳಲುತ್ತಾರೆ.

ಈ ಕಥೆಯಲ್ಲಿ ತಪ್ಪು ಯಾರದು ಎಂದು ಕೇಳಿದರೆ ತರಗತಿಯಲ್ಲಿ ಬರುವ ಉತ್ತರ ಅಮೃತಮತಿಯದು ಎಂದೇ. ಕೊಂದವಳು ಅವಳಲ್ಲವೇ? ಎರಡನೆಯ ಉತ್ತರ ಯಶೋಧರನದು: ಕೊಂದದ್ದು ಹಿಟ್ಟನ್ನೇ ಆದರೂ ಕೊಲ್ಲುತ್ತೇನೆಂಬ ಸಂಕಲ್ಪವಿತ್ತಲ್ಲ! ಜೈನ ಶಾಸ್ತ್ರವೂ ಈ ಕಡೆಗೇ ಇದೆ. ತತ್ತ್ವಾರ್ಥಸೂತ್ರವು ಹಿಂಸೆಯನ್ನು ಪ್ರಮಾದದಿಂದ ಪ್ರಾಣ ಕಳೆಯುವುದೆಂದು ಹೇಳುವಾಗ ಮೊದಲು ಹಿಡಿಯುವುದು ಕೈಯನ್ನಲ್ಲ, ಮನಸ್ಸಿನ ಸ್ಥಿತಿಯನ್ನು. ಆದರೆ ಆ ಸಂಕಲ್ಪ ಹುಟ್ಟಿದ ಜಾಗ ಯಾವುದೆಂದು ನೋಡುತ್ತ ಹಿಂದಕ್ಕೆ ಹೋದರೆ ನಮಗೆ ಎದುರಾಗುವವಳು ಚಂದ್ರಮತಿ. ಅವಳಲ್ಲಿ ಅಹಂಕಾರವಿಲ್ಲ, ಕ್ರೌರ್ಯವೂ ಇಲ್ಲ, ತನಗಾಗಿ ಏನನ್ನೂ ಕೇಳಿದವಳಲ್ಲ. ಮಗನಿಗೆ ಕೇಡಾಗದಿರಲಿ ಎಂದಷ್ಟೇ ಅವಳ ಬೇಡಿಕೆ. ಅದಕ್ಕೆ ಬೇರೊಂದು ಜೀವ ಹೋಗಬೇಕಾದರೆ ಹೋಗಲಿ. ಮಗ ಒಲ್ಲೆನೆಂದಾಗ ಅವಳು ಬಲಿಯನ್ನು ಬಿಡಲಿಲ್ಲ, ಬೆಲೆಯನ್ನಷ್ಟೇ ಇಳಿಸಿದಳು. ಸಂತೆಯಲ್ಲಿ ಚೌಕಾಸಿ ಮಾಡಿದ ಹಾಗೆ ಜೀವದ ಕೋಳಿಯಿಂದ ಹಿಟ್ಟಿನ ಕೋಳಿಗೆ ಬಂದಳು. ಪ್ರೀತಿಯ ಸೀರೆ ಉಟ್ಟು ಬಂದ ಸ್ವಾರ್ಥವನ್ನು ಇಷ್ಟು ನಿಷ್ಠುರವಾಗಿ ಕಂಡ ಇನ್ನೊಬ್ಬ ಕವಿ ನನಗೆ ಗೊತ್ತಿಲ್ಲ. ನಮ್ಮ ಮನೆಗಳಲ್ಲಿ ‘ನಿನ್ನ ಒಳ್ಳೇದಕ್ಕೇ ಕಣಪ್ಪಾ ಹೇಳೋದು’ ಎಂದು ಆರಂಭವಾಗುವ ಮಾತುಗಳನ್ನು ನೆನೆದುಕೊಂಡು ಆ ಭಾಗವನ್ನು ಮತ್ತೊಮ್ಮೆ ಓದಿ.

ಯಶೋಧರನೂ ಇದರಿಂದ ಹೊರಗಿಲ್ಲ. ಕತ್ತಿ ಇಳಿಸಿದ್ದನ್ನು ದಯೆ ಎಂದು ನಾವು ಹೊಗಳುತ್ತೇವೆ. ಆದರೆ ಮರುದಿನ ನಿಜ ನುಂಗಿ ಕನಸು ಕಟ್ಟಿದ್ದು ಯಾರ ಮಾನ ಉಳಿಸುವುದಕ್ಕೆ? ರಾಜನಾದವನ ಹೆಂಡತಿ ಮಾವುತನ ಹಿಂದೆ ಹೋದಳೆಂದು ತಾಯಿಯ ಮುಂದೆ ಹೇಳಲಾಗದ ಗತ್ತು ಅದು. ಆ ಒಂದು ಸುಳ್ಳಿಲ್ಲದಿದ್ದರೆ ಕನಸಿಗೆ ಶಾಂತಿಯೂ ಬೇಕಿರಲಿಲ್ಲ, ಕೋಳಿಯೂ ಬೇಕಿರಲಿಲ್ಲ. ಜೈನರು ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕನ್ನು ಕಷಾಯಗಳೆಂದು ಕರೆದದ್ದು ಇಲ್ಲಿ ನೆನಪಾಗುತ್ತದೆ. ನಮ್ಮ ಕಡೆ ಕಷಾಯವೆಂದರೆ ಕೊತ್ತಂಬರಿ ಬೀಜ, ಜೀರಿಗೆ, ಮೆಣಸು ಹಾಕಿ ಕುದಿಸಿದ್ದು. ಕುದಿ ಬಂದ ಮೇಲೆ ಯಾವುದು ಯಾವುದರ ರಸವೆಂದು ಬೇರೆ ಮಾಡಿ ತೋರಿಸಲಾಗದು. ಯಶೋಧರನ ಮಾನ, ಅವನು ಹೂಡಿದ ಮಾಯೆ, ತಾಯಿಯ ಲೋಭ ಒಂದೇ ಪಾತ್ರೆಯಲ್ಲಿ ಕುದಿಯುತ್ತವೆ, ಮತ್ತು ಕೊಲೆ ಎಂಬುದು ಕೊನೆಯಲ್ಲಿ ಲೋಟಕ್ಕೆ ಬಗ್ಗಿಸಿದ್ದು ಮಾತ್ರ.

ಇನ್ನೊಂದು ಮಾತು, ವಿಷಯಕ್ಕೆ ಸ್ವಲ್ಪ ಪಕ್ಕದ್ದು. ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ಹಳೆಯ ಸೊಸೆವೂರಿನಲ್ಲಿ, ‘ಹೊಯ್ ಸಳ’ ಎಂದು ಹುಲಿಯನ್ನು ಹೊಡೆಯಲು ಹೇಳಿದ ಜೈನ ಮುನಿಯ ಹೆಸರು ಐತಿಹ್ಯದಲ್ಲಿ ಸುದತ್ತ. ಜನ್ನನ ಕಾವ್ಯದಲ್ಲಿ, ಆ ತಾಯಿಮಕ್ಕಳೇ ಕೊನೆಗೆ ಅಣ್ಣತಂಗಿಯರಾಗಿ ಹುಟ್ಟಿ ಬಂದ, ಚಂಡಮಾರಿಯ ಗುಡಿಗೆ ಬಲಿಯಾಗಿ ಎಳೆದು ತಂದ ಅಭಯರುಚಿ, ಅಭಯಮತಿಯರ ಗುರುವಿನ ಹೆಸರೂ ಸುದತ್ತ. ಕೊಲ್ಲು ಎಂದ ಸುದತ್ತನ ಮಾತಿನಿಂದ ಹೆಸರು ಪಡೆದ ವಂಶದ ಆಸ್ಥಾನದಲ್ಲೇ ಕುಳಿತು, ಹಿಟ್ಟನ್ನು ಕೂಡ ಕೊಲ್ಲಬಾರದೆಂಬ ಸುದತ್ತನ ಕಥೆಯನ್ನು ಜನ್ನ ಬರೆದ. ಕಥೆ ಅವನಿಗಿಂತ ಹಳೆಯದು, ಹೆಸರನ್ನು ಅವನು ಇಟ್ಟದ್ದಲ್ಲ. ಆದರೂ ಆಸ್ಥಾನದಲ್ಲಿ ಓದುವಾಗ ಯಾರಾದರೂ ತಲೆ ಎತ್ತಿ ನೋಡಿರಬಹುದೇ ಎಂದು ನನಗೆ ಕುತೂಹಲ.

ಇದನ್ನೆಲ್ಲ ಈಗ ಬರೆಯುವುದಕ್ಕೆ ಕಾರಣ ಬೇಲೂರಿನ ಹತ್ತಿರದ ನಮ್ಮ ದೊಡ್ಡಪ್ಪನ ಮನೆಯ ಆಯುಧಪೂಜೆ. ಕಣದಲ್ಲಿ ಜೀಪು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್, ಕತ್ತಿ, ಗುದ್ದಲಿಗಳೆಲ್ಲ ಕುಂಕುಮ ಬಳಿಸಿಕೊಂಡು ಸಾಲಾಗಿ ಕುಳಿತಿದ್ದವು. ಬೂದುಗುಂಬಳದ ತಲೆ ಕೊರೆದು, ಒಳಗೆ ಕುಂಕುಮ, ಚಿಲ್ಲರೆ ಕಾಸು ತುಂಬಿ, ಮೇಲೆ ಕರ್ಪೂರ ಹಚ್ಚಿ ದೊಡ್ಡಪ್ಪ ನನ್ನ ಕೈಗೆ ಕೊಟ್ಟರು. ಹಿಂದಿನ ರಾತ್ರಿಯಷ್ಟೇ ನಾನು ಹತ್ತು ವರ್ಷದ ಮಗಳಿಗೆ ಹಿಟ್ಟಿನ ಕೋಳಿಯ ಕಥೆಯನ್ನು ಹೇಳಿದ್ದೆ. ಕರ್ಪೂರದ ಬಿಸಿ ಅಂಗೈಗೆ ತಾಗುತ್ತಿರಲು ಜೀಪಿಗೆ ಮೂರು ಸುತ್ತು ಇಳಿ ತೆಗೆದು, ಗಾಲಿಯ ಮುಂದೆ ನೆಲಕ್ಕೆ ಅಪ್ಪಳಿಸಿದೆ. ಕೆಂಪು ತಿರುಳು ನಾಲ್ಕೂ ಕಡೆ ಸಿಡಿಯಿತು. ತೋಟದ ಕೆಲಸದವರ ಮಕ್ಕಳು ಕಾಸಿಗೆ ಮುಗಿಬಿದ್ದರು. ನನ್ನ ಮಗಳು ಮಾತ್ರ ಅಲ್ಲಾಡದೆ ನಿಂತಿದ್ದವಳು ನನ್ನ ಅಂಗಿಯ ತುದಿ ಎಳೆದು ಪಿಸುದನಿಯಲ್ಲಿ ಕೇಳಿದಳು.

“ಅಪ್ಪಾ, ಅದು ಕೂಗ್ತಾ?”

“ಏನಂತೆ ಮಗೂದು?” ಎಂದರು ದೊಡ್ಡಪ್ಪ. ನಾನು ಏನೂ ಇಲ್ಲ ಎಂದೆ. ಅವರು ಎರಡನೆಯ ಕುಂಬಳಕಾಯಿಯನ್ನು ಎತ್ತಿಕೊಂಡು ಪಲ್ಪರ್ ಕಡೆಗೆ ನಡೆದರು.