ರೆಪ್ಪೆಯ ಆಪರೇಷನ್: ರಾತ್ರಿಯ ಮಾತನ್ನು ಮೊದಲೇ ಹೇಳಬೇಕು

ಅವತ್ತು ನನಗೆ ನೈಟ್ ಡ್ಯೂಟಿ. ಹನ್ನೊಂದು ಗಂಟೆ ದಾಟಿತ್ತು, ವಾರ್ಡಿನ ಫೋನ್ ಹೊಡೆದುಕೊಂಡಿತು. ಜೋತುಬಿದ್ದ ರೆಪ್ಪೆಯನ್ನು ಮೇಲೆತ್ತುವ ಆಪರೇಷನ್ ಆಗಿ ಅಂದು ಮಧ್ಯಾಹ್ನವಷ್ಟೇ ಮನೆಗೆ ಹೋಗಿದ್ದ 4 ವರ್ಷದ ಹುಡುಗನ ತಾಯಿ.

"ಸಿಸ್ಟರ್, ಮಗು ಕಣ್ಣು ಬಿಟ್ಕೊಂಡೇ ನಿದ್ದೆ ಮಾಡ್ತಿದೆ. ಬಿಳಿ ಗುಡ್ಡೆ ಕಾಣ್ತಿದೆ. ಏನೋ ಹೆಚ್ಚುಕಮ್ಮಿ ಆಗಿದೆ ಅನ್ಸುತ್ತೆ."

ಅವರ ಧ್ವನಿ ನಡುಗುತ್ತಿತ್ತು. ನಿಜ ಹೇಳಬೇಕೆಂದರೆ ಏನೂ ಹೆಚ್ಚುಕಮ್ಮಿ ಆಗಿರಲಿಲ್ಲ. ಈ ಆಪರೇಷನ್ ಆದ ಮಕ್ಕಳು ಹಾಗೇ ಮಲಗುತ್ತಾರೆ. ಹಿಂದಿನ ರಾತ್ರಿ ಕಣ್ಣಿಗೆ ಬ್ಯಾಂಡೇಜ್ ಇತ್ತು, ಹಾಗಾಗಿ ಅವರು ನೋಡಿರಲಿಲ್ಲ ಅಷ್ಟೇ. ಮನೆಗೆ ಕಳಿಸುವಾಗ ಚೀಟಿ ಕೈಗಿಟ್ಟು "ಮಲಗೋ ಮುಂಚೆ ಮುಲಾಮು ಹಾಕಿ" ಎಂದವಳು ನಾನೇ. ಯಾಕೆ ಹಾಕಬೇಕು ಎಂದು ಹೇಳಿರಲಿಲ್ಲ. ಹೊಲಿಗೆ ಬಿಟ್ಟುಕೊಂಡರೆ ಎಂಬ ಭಯಕ್ಕೆ ಅವರು ಕಣ್ಣನ್ನು ಮುಟ್ಟಿಯೇ ಇರಲಿಲ್ಲ.

ಈಗಲೇ ಹಾಕಿ ಎಂದೆ, ಹೇಗೆಂದು ಫೋನಿನಲ್ಲೇ ಹೇಳಿಕೊಟ್ಟೆ. ಬೆಳಿಗ್ಗೆ ಬಂದಾಗ ಹುಡುಗ ಬೆಳಕಿಗೆ ಕಣ್ಣು ಬಿಡಲಿಲ್ಲ, ನೀರು ಸುರಿಯುತ್ತಿತ್ತು. ಡಾಕ್ಟರ್ ಕಣ್ಣಿಗೆ ಕಿತ್ತಳೆ ಬಣ್ಣದ ಡೈ ಹಾಕಿ ನೀಲಿ ಬೆಳಕಿನಲ್ಲಿ ನೋಡಿದರು. ಕಪ್ಪುಗುಡ್ಡೆಯ ಕೆಳಭಾಗದಲ್ಲಿ ಸೂಜಿಮೊನೆಯಷ್ಟು ಹಸಿರು ಚುಕ್ಕೆಗಳು, ಸಾಲಾಗಿ. ಒಣಗಿ ಒಣಗಿ ಅಲ್ಲಿನ ಮೇಲ್ಪದರ ಕಿತ್ತಿತ್ತು. ಮುಲಾಮು, ಡ್ರಾಪ್ಸ್ ಸರಿಯಾಗಿ ಹಾಕಿದ ಮೇಲೆ ಕೆಲವೇ ದಿನಗಳಲ್ಲಿ ವಾಸಿಯಾಯಿತು. ಆದರೆ ಆ ಚುಕ್ಕೆಗಳು ನನ್ನ ಕಣ್ಣಿನಿಂದ ಹೋಗಿಲ್ಲ.

ಅಂದಿನಿಂದ ನಾನು ಈ ಆಪರೇಷನ್ ಬಗ್ಗೆ ಹೇಳುವ ರೀತಿಯನ್ನೇ ಬದಲಾಯಿಸಿದೆ. ಮೊದಲು ಏನಾಗುತ್ತದೆ ಎಂದು ಬಿಡಿಸಿ ಹೇಳುತ್ತೇನೆ.

ಹುಟ್ಟಿನಿಂದಲೇ ರೆಪ್ಪೆ ಜೋತುಬಿದ್ದಿದ್ದರೆ, ಸಾಮಾನ್ಯವಾಗಿ ರೆಪ್ಪೆ ಎತ್ತುವ ಸ್ನಾಯು ಸರಿಯಾಗಿ ಬೆಳೆದಿರುವುದಿಲ್ಲ. ಸ್ನಾಯುವಿನ ಎಳೆಗಳ ಜಾಗದಲ್ಲಿ ನಾರು, ಕೊಬ್ಬು ತುಂಬಿಕೊಂಡಿರುತ್ತದೆ. ಅದಕ್ಕೆ ಮೇಲೆತ್ತಲೂ ಬಾರದು, ಸಡಿಲವಾಗಲೂ ಬಾರದು. ಡಾಕ್ಟರ್ ಇದನ್ನು ಒಂದು ಸಣ್ಣ ಸ್ಕೇಲ್ ಇಟ್ಟು ಅಳೆಯುತ್ತಾರೆ. ಹುಬ್ಬನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಮಗುವಿಗೆ ಆಟಿಕೆ ತೋರಿಸಿ, ಕೆಳಗೆ ನೋಡಿಸಿ ಮೇಲೆ ನೋಡಿಸುತ್ತಾರೆ. ಒಳ್ಳೆಯ ರೆಪ್ಪೆ 12 ಮಿಲಿಮೀಟರಿಗೂ ಜಾಸ್ತಿ ಏರುತ್ತದೆ. ತೀವ್ರವಾಗಿ ಜೋತುಬಿದ್ದ ರೆಪ್ಪೆ 4 ಮಿಲಿಮೀಟರ್ ಏರಿದರೆ ಹೆಚ್ಚು.

ಅಷ್ಟು ಬಲಹೀನ ಸ್ನಾಯುವನ್ನು ಕತ್ತರಿಸಿ ಬಿಗಿ ಮಾಡಿದರೂ ಹೆಚ್ಚಿನ ಮಕ್ಕಳಲ್ಲಿ ಸಾಲುವುದಿಲ್ಲ. ಅದಕ್ಕೇ ರೆಪ್ಪೆಯನ್ನು ಹಣೆಯ ಸ್ನಾಯುವಿಗೆ ಕಟ್ಟುತ್ತಾರೆ. ಸ್ಲಿಂಗ್ ಎನ್ನುತ್ತಾರೆ. ಹುಬ್ಬಿನ ಹತ್ತಿರ ಮತ್ತು ರೆಪ್ಪೆಯ ಮೇಲೆ ಪುಟ್ಟ ಪುಟ್ಟ ಕೊಯ್ತ ಹಾಕಿ, ಚರ್ಮದ ಕೆಳಗೆ ಒಂದು ಪಟ್ಟಿ ಹಾಯಿಸುತ್ತಾರೆ. ಈ ಮಕ್ಕಳನ್ನು ಗಮನಿಸಿ ನೋಡಿ, ಅವರು ಮೊದಲಿನಿಂದಲೂ ಗದ್ದ ಎತ್ತಿ, ಹಣೆ ಸುಕ್ಕುಗಟ್ಟಿಸಿಯೇ ನೋಡುತ್ತಿರುತ್ತಾರೆ ಅಲ್ವಾ? ಹಣೆಯ ಆ ಶ್ರಮ ಇನ್ನು ನೇರವಾಗಿ ರೆಪ್ಪೆಗೆ ತಲುಪುತ್ತದೆ.

ಪಟ್ಟಿ ಯಾವುದು ಎಂಬುದು ವಯಸ್ಸಿನ ಮೇಲೆ. ದೊಡ್ಡ ಮಕ್ಕಳಲ್ಲಿ ತೊಡೆಯಿಂದ ತೆಗೆದ ಸ್ವಂತ ನಾರುಪಟ್ಟಿ ಬಳಸಬಹುದು, ಅದು ಜಾಸ್ತಿ ಬಾಳುತ್ತದೆ. ಆದರೆ ತೊಡೆಯಲ್ಲಿ ಗಾಯದ ಗುರುತು ಉಳಿಯುತ್ತದೆ, ಕೆಲವು ದಿನ ನಡೆಯುವಾಗ ನೋವಿರುತ್ತದೆ. ಪುಟ್ಟ ಮಕ್ಕಳಿಗೆ ಹೆಚ್ಚಾಗಿ ಸಿಲಿಕಾನ್ ಪಟ್ಟಿ ಹಾಕುತ್ತಾರೆ. ಅದನ್ನು ಆಮೇಲೆ ಬಿಗಿ ಮಾಡಬಹುದು, ಸಡಿಲಿಸಬಹುದು. ವರ್ಷಗಳು ಕಳೆದಂತೆ ಅದು ಸಡಿಲವಾಗಿ ಮತ್ತೊಂದು ಆಪರೇಷನ್ ಬೇಕಾಗಲೂಬಹುದು. ಇದನ್ನು ಮುಚ್ಚಿಡಬಾರದು. "ಒಂದೇ ಸಲಕ್ಕೆ ಮುಗೀತು" ಎಂದು ನಂಬಿ ಹೋದವರು ಆಮೇಲೆ ತಮ್ಮನ್ನೇ ದೂಷಿಸಿಕೊಳ್ಳುವುದನ್ನು ನೋಡಿದ್ದೇನೆ.

ರೆಪ್ಪೆ ಪಾಪೆಯನ್ನೇ ಮುಚ್ಚಿದ್ದರೆ ಹಸುಗೂಸಾದರೂ ಕಾಯುವುದಿಲ್ಲ. ಬೆಳಕು ಹೋಗದ ಕಣ್ಣನ್ನು ಮೆದುಳು ಬದಿಗಿಟ್ಟುಬಿಡುತ್ತದೆ, ಅದೇ ಸೋಮಾರಿ ಕಣ್ಣು. ಪಾಪೆ ತೆರೆದಿದ್ದರೆ ಸಾಮಾನ್ಯವಾಗಿ 3ರಿಂದ 5 ವರ್ಷದವರೆಗೆ ಕಾಯುತ್ತಾರೆ. ಕಾಯುವಾಗಲೂ ಆಗಾಗ ದೃಷ್ಟಿ ಪರೀಕ್ಷೆ ತಪ್ಪಿಸಬಾರದು.

ಇಷ್ಟು ಹೇಳಿ ನಾನು ರಾತ್ರಿಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಅವಸರ ಮಾಡುವುದಿಲ್ಲ. ಪಟ್ಟಿ ರೆಪ್ಪೆಯನ್ನು ಮೇಲೆ ಹಿಡಿದಿರುತ್ತದೆ. ನಿದ್ದೆ ಬಂತೆಂದು ಅದೇನೂ ಬಿಡುವುದಿಲ್ಲ. ಹಾಗಾಗಿ ಮಗು ಕಣ್ಣು ಅರೆತೆರೆದೇ ಮಲಗುತ್ತದೆ. ಮೊದಲ ತಿಂಗಳುಗಳಲ್ಲಿ ಜಾಸ್ತಿ, ಆಮೇಲೆ ಕಡಿಮೆಯಾಗುತ್ತದೆ, ಕೆಲವರಲ್ಲಿ ಸ್ವಲ್ಪ ಹಾಗೇ ಉಳಿಯುತ್ತದೆ. ಕಣ್ಣು ಮುಚ್ಚುವಾಗ ಗುಡ್ಡೆ ತಾನಾಗಿ ಮೇಲಕ್ಕೆ ಹೊರಳುತ್ತದೆ. ಅದೇ ಕಪ್ಪುಗುಡ್ಡೆಗೆ ರಕ್ಷಣೆ. ತಾಯಿ ಕಂಡದ್ದು ಬಿಳಿ, ಅದು ಒಳ್ಳೆಯ ಲಕ್ಷಣವೇ. ಈ ಹೊರಳುವಿಕೆ ಚೆನ್ನಾಗಿದೆಯೇ ಎಂದು ಆಪರೇಷನ್‌ಗೆ ಮುಂಚೆಯೇ ಪರೀಕ್ಷಿಸುತ್ತಾರೆ. ಕಡಿಮೆ ಇದ್ದರೆ ರೆಪ್ಪೆಯನ್ನೂ ಕಡಿಮೆಯೇ ಎತ್ತುತ್ತಾರೆ.

ಆದರೂ ಗಾಳಿ ಆಡುವ ಜಾಗ ಒಣಗುತ್ತದೆ. ಹಗಲಿಗೆ ಕೃತಕ ಕಣ್ಣೀರಿನ ಡ್ರಾಪ್ಸ್, ರಾತ್ರಿಗೆ ಮುಲಾಮು. ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆಳೆದು ಆ ಸಂದಿಗೆ ಅರ್ಧ ಸೆಂಟಿಮೀಟರ್ ಉದ್ದದ ಒಂದು ಗೆರೆ. ಟ್ಯೂಬ್ ತುದಿ ಕಣ್ಣಿಗೆ ತಾಗಬಾರದು. ಹೊಲಿಗೆ ಇರುವುದು ಮೇಲ್ರೆಪ್ಪೆ, ಹುಬ್ಬುಗಳಲ್ಲಿ, ಕೆಳಗೆಳೆದರೆ ಅದಕ್ಕೇನೂ ಆಗುವುದಿಲ್ಲ. ಫ್ಯಾನ್ ನೇರವಾಗಿ ಮುಖಕ್ಕೆ ಬೇಡ.

ಎಚ್ಚರವಿದ್ದಾಗಲೂ ಒಂದು ವಿಷಯ ತಂದೆತಾಯಿಗಳನ್ನು ಕಾಡುತ್ತದೆ. ಮಗು ಪುಸ್ತಕ ನೋಡಲು ಕಣ್ಣು ತಗ್ಗಿಸಿದಾಗ ಆಪರೇಷನ್ ಆದ ರೆಪ್ಪೆ ಅದರ ಜೊತೆ ಇಳಿಯುವುದಿಲ್ಲ, ಮೇಲೆ ಬಿಳಿ ಕಾಣುತ್ತದೆ. ನೇರ ನೋಟದಲ್ಲಿ ಎರಡೂ ಕಣ್ಣು ಸರಿಸಮ ಕಂಡರೂ ಕೆಳನೋಟದಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ. ದಣಿದಾಗ ರೆಪ್ಪೆ ಸ್ವಲ್ಪ ಜಾರುವುದೂ ಸಹಜ, ಹಣೆ ದಣಿದಿದೆ ಎಂದರ್ಥ. ಒಂದೇ ಕಣ್ಣಿನ ತೊಂದರೆ ಇದ್ದು ಆ ಕಣ್ಣಿನ ದೃಷ್ಟಿಯೂ ಮಂದವಾಗಿದ್ದರೆ ಮಗು ಹೆಚ್ಚಾಗಿ ಆ ಕಡೆ ಹುಬ್ಬು ಎತ್ತುವುದಿಲ್ಲ. ಆಗ ಪಟ್ಟಿ ಇದ್ದೂ ಪೂರ್ತಿ ಕೆಲಸಕ್ಕೆ ಬರುವುದಿಲ್ಲ. ಆದ್ದರಿಂದ ಕನ್ನಡಕ, ಮಂದ ಕಣ್ಣು ಕೆಲಸ ಮಾಡಲೆಂದು ಒಳ್ಳೆಯ ಕಣ್ಣನ್ನು ಮುಚ್ಚುವ ಪ್ಯಾಚ್, ಇವು ಆಪರೇಷನ್ ಆಯಿತೆಂದು ನಿಲ್ಲುವುದಿಲ್ಲ. ರೆಪ್ಪೆ ಎತ್ತುವುದು ಬಾಗಿಲು ತೆರೆದ ಹಾಗೆ. ನೋಡುವುದನ್ನು ಕಣ್ಣಿಗೆ ಬೇರೆಯಾಗಿಯೇ ಕಲಿಸಬೇಕು.

ಊತ, ನೀಲಿಗಟ್ಟುವುದು ಒಂದೆರಡು ವಾರದಲ್ಲಿ ಇಳಿಯುತ್ತದೆ. ಆ ದಿನಗಳ ಫೋಟೋ ನೋಡಿ ಫಲಿತಾಂಶ ತೀರ್ಮಾನಿಸಬೇಡಿ. ಆದರೆ ಕಣ್ಣು ಕೆಂಪಾಗಿ ನೋವು ಬಂದರೆ, ಬೆಳಕು ತಡೆಯದಿದ್ದರೆ, ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ, ಹುಬ್ಬಿನ ಗಾಯದಲ್ಲಿ ಕೀವು ಬಂದರೆ ನಾಳೆಗೆ ಎನ್ನಬಾರದು. ಅವತ್ತೇ ಬರಬೇಕು.

ಈಗ ಆಪರೇಷನ್‌ಗೆ ವಾರ ಮುಂಚೆಯೇ ಎಲ್ಲ ತಾಯಂದಿರಿಗೂ ಒಂದು ಕೆಲಸ ಹೇಳುತ್ತೇನೆ: ಮಗು ಮಲಗಿದ ಮೇಲೆ ಮಂದ ಬೆಳಕಿನಲ್ಲಿ ಕಣ್ಣು ನೋಡಿ ಬನ್ನಿ. ಮೊನ್ನೆ ಒಬ್ಬರು ಬಂದು, "ಸಿಸ್ಟರ್, ಈಗ್ಲೇ ಸ್ವಲ್ಪ ತೆರೆದೇ ಇರುತ್ತೆ. ಇಷ್ಟು ದಿನ ನಾನು ನೋಡೇ ಇರ್ಲಿಲ್ಲ" ಎಂದರು. ಹೌದು, ಆ ಗಟ್ಟಿ ಸ್ನಾಯು ಸಡಿಲವಾಗದ ಕಾರಣ ಕೆಲವು ಮಕ್ಕಳಲ್ಲಿ ಮೊದಲೇ ಹಾಗಿರುತ್ತದೆ. ಅವರ ಕೈಗೆ ಟ್ಯೂಬ್ ಕೊಟ್ಟೆ. ಕನ್ನಡಿ ಮುಂದೆ ನಿಂತು, ತಮ್ಮದೇ ಕೆಳರೆಪ್ಪೆ ಎಳೆದು, ಮೊದಲ ಗೆರೆ ಕೆನ್ನೆಗೆ ಹಾಕಿಕೊಂಡರು. ಎರಡನೆಯದು ಸರಿಯಾಗಿ ಸಂದಿಗೆ ಬಿತ್ತು.