ನಾಲ್ಕನೇ ಟ್ಯಾಂಕಿನ ಮರಿಗಳು

ಕುಮಟಾ ಕಡೆಯ ಒಂದು ಹ್ಯಾಚರಿಯಲ್ಲಿ, ಅಂದರೆ ಸಿಗಡಿ ಮರಿ ಮಾಡುವ ಕೇಂದ್ರದಲ್ಲಿ, ಲಾರ್ವಾ (ಎಳೆಮರಿ) ಸೆಕ್ಷನ್ ನನ್ನದು. ಒಂದು ಭಾನುವಾರ ಸಂಜೆ ರಿಸರ್ವಾಯರಿನ ಪಂಪು ಸುಟ್ಟುಹೋಯಿತು. ಸ್ಟೋರಿನ ಮೂಲೆಯಲ್ಲಿದ್ದ ಹಳೇ ತೋಟದ ಪಂಪನ್ನೇ ಕೂರಿಸಿ, ರಾತ್ರಿಯಿಡೀ ನೀರು ತಿರುಗಲಿ ಎಂದು ಬಿಟ್ಟೆ.

ಪಂಪ್ ನೋಡಿಕೊಳ್ಳುವ ಅಣ್ಣ ತಡೆದ. "ಸರ್, ಇದರೊಳಗೆ ನೀರು ತಳ್ಳೋ ಚಕ್ರ, ಇಂಪೆಲ್ಲರ್, ಹಿತ್ತಾಳೆ. ಉಪ್ಪುನೀರಿಗೆ ಕಿಲುಬು ಬಿಡ್ತದೆ."

"ಹಿತ್ತಾಳೆ ಅಂದರೆ ಹೆಚ್ಚುಪಾಲು ತಾಮ್ರವೇ, ಸಿಗಡಿಗೆ ತಾಮ್ರ ಬೇಕೇ ಬೇಕಲ್ಲ ಅಣ್ಣಾ" ಅಂದುಬಿಟ್ಟೆ.

ಓದಿದ್ದೇನೋ ಸುಳ್ಳಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವುದು ಕಬ್ಬಿಣ, ಸಿಗಡಿಯಲ್ಲಿ ತಾಮ್ರ. ಅದರ ರಕ್ತದ ಪ್ರೋಟೀನ್ ಹಿಮೋಸಯಾನಿನ್‌ನಲ್ಲಿ ತಾಮ್ರದ 2 ಪರಮಾಣು ಸೇರಿ ಆಮ್ಲಜನಕದ ಒಂದು ಅಣುವನ್ನು ಹಿಡಿಯುತ್ತವೆ. ತಾಯಿ ಸಿಗಡಿಯಿಂದ ಸಿರಿಂಜಿಗೆ ಎಳೆದ ರಕ್ತ ಗಾಳಿ ತಾಗಿ ತಿಳಿನೀಲಿಯಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಆದರೆ ಅದು ಪ್ರೋಟೀನಿನೊಳಗೆ ಕಟ್ಟಿಹಾಕಿದ ತಾಮ್ರ. ನೀರಿನಲ್ಲಿ ಬಿಡಿಯಾಗಿ ತಿರುಗುವ ತಾಮ್ರ ಮರಿಗಳಿಗೆ ವಿಷ. ಅದನ್ನು ಹಿಡಿದಿಡಲೆಂದೇ ನೀರಿಗೆ ಇಡಿಟಿಎ ಎಂಬ ರಾಸಾಯನಿಕ ಹಾಕುತ್ತೇವೆ. ಅದು ಮುಗಿದು ವಾರವಾಗಿತ್ತು, ಇಂಡೆಂಟ್ (ಸಾಮಾನಿನ ಬೇಡಿಕೆ ಚೀಟಿ) ಸಹಿಯಿಲ್ಲದೆ ಆಫೀಸಿನಲ್ಲೇ ಬಿದ್ದಿತ್ತು. ನೂರು ರೂಪಾಯಿಯ ಸಾಮಾನಿಗೂ ಮೂರು ಸಹಿ ಬೇಕು ನಮ್ಮಲ್ಲಿ.

ಬೆಳಿಗ್ಗೆ ಆ ನೀರು ನಾಲ್ಕನೇ ಟ್ಯಾಂಕಿಗೆ ಹೋಯಿತು. ಎರಡು ತಾಸು ಬಿಟ್ಟು ಬೀಕರಿನಲ್ಲಿ ಮರಿ ಎತ್ತಿ ಟಾರ್ಚಿಗೆ ಹಿಡಿದೆ. ಝೋಯಿಯಾ ಎಂಬ ಎಳೆ ಹಂತದಲ್ಲಿ ಹೊಟ್ಟೆತುಂಬ ತಿಂದ ಮರಿಯ ಹಿಂದೆ ಕೂದಲೆಳೆಯಂಥ ಮಲದ ದಾರ ಜೋತಾಡುತ್ತಿರಬೇಕು. ಒಂದಕ್ಕೂ ಇಲ್ಲ. ಅರ್ಧಕ್ಕರ್ಧ ತಳದಲ್ಲಿ ಬಿದ್ದು ಕಾಲು ಮಾತ್ರ ಮಿಡಿಯುತ್ತಿದ್ದವು. ನನ್ನ ತಲೆಯಲ್ಲಿ ವಿಬ್ರಿಯೋ ಬ್ಯಾಕ್ಟೀರಿಯಾದ ರೋಗ ಬಿಟ್ಟರೆ ಬೇರೆ ಏನೂ ಬರಲಿಲ್ಲ. ಪಿಎಚ್ ನೋಡಿದೆ, ಅಮೋನಿಯಾ ನೋಡಿದೆ, ನೀರಿನ ಉಪ್ಪಿನಂಶ ನೋಡಿದೆ, ಎಲ್ಲ ಸರಿ. ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ ಮತ್ತೆರಡು ತಾಸು ಕಳೆದೆ. ಅಷ್ಟರಲ್ಲಿ ಅದೇ ನೀರು ಐದನೇ ಟ್ಯಾಂಕಿಗೂ ಹೋಗಿತ್ತು.

ಅಣ್ಣ ಮಾತಾಡಲಿಲ್ಲ. ಪಂಪು ಬಿಚ್ಚಿ, ಇಂಪೆಲ್ಲರ್ ತಂದು ನನ್ನ ಮೇಜಿನ ಮೇಲಿಟ್ಟ. ಅಂಚಿನುದ್ದಕ್ಕೂ ಹಸಿರು ಕಿಲುಬು.

ನಾನು ಶಿರಸಿ ಕಡೆಯವನು, ಅಡಿಕೆ ತೋಟದ ಮನೆ. ಅಡಿಕೆಯ ಕೊಳೆರೋಗದ ರೋಗಾಣುವನ್ನು ಸಾಯಿಸುವುದು ಇದೇ ತಾಮ್ರ. 1 ಕಿಲೋ ಮೈಲುತುತ್ತಕ್ಕೆ (ತಾಮ್ರದ ಸಲ್ಫೇಟ್) 1 ಕಿಲೋ ಸುಣ್ಣ, 100 ಲೀಟರ್ ನೀರು. ಈ ಬೋರ್ಡೋ ದ್ರಾವಣದ ಹದ ನೋಡಲು ಅಪ್ಪಯ್ಯ ಕತ್ತಿಯ ಅಲಗನ್ನು ಅದ್ದುತ್ತಿದ್ದ. ಅಲಗು ಕೆಂಪಗಾದರೆ ಬಿಡಿ ತಾಮ್ರ ಉಳಿದಿದೆ ಎಂದು ಇನ್ನಷ್ಟು ಸುಣ್ಣ ಸುರಿಯುತ್ತಿದ್ದ. ಇಲ್ಲವಾದರೆ ಮರವೇ ಸುಡುತ್ತದೆ. ಇದನ್ನು ಕಣ್ಣಾರೆ ಕಂಡು ಬೆಳೆದವನು ನಾನು. ಅಣ್ಣನ ಎದುರು ಪುಸ್ತಕದ ಅರ್ಧ ಮಾತು ಆಡಿದ್ದು ಈಗಲೂ ಚುಚ್ಚುತ್ತದೆ.

ನಾಲ್ಕನೇ ಟ್ಯಾಂಕು ಉಳಿಯಲಿಲ್ಲ. ಪಕ್ಕದ ಹ್ಯಾಚರಿಯಿಂದ ಇಡಿಟಿಎ ಕಡ ತಂದು ಐದನೆಯದಕ್ಕೆ ಟನ್ ನೀರಿಗೆ 10 ಗ್ರಾಂನಂತೆ ಹಾಕಿದೆವು. ರಾತ್ರಿ ಒಂಬತ್ತಕ್ಕೆ ಅಣ್ಣ ಟಾರ್ಚ್ ಹಿಡಿದ, ನಾನು ಬೀಕರ್ ಎತ್ತಿದೆ. ಒಂದು ಮರಿಯ ಹಿಂದೆ ದಾರ ಕಂಡಿತು. ಆಮೇಲೆ ಇನ್ನೊಂದು.